ಲಾರಿ ಅಪಘಾತದ ಕೇಸು ನಡೆಸಿಕೊಟ್ಟ ವಕೀಲರ ಬಗ್ಗೆ: 17 ತಿಂಗಳ ಅನುಭವ

ಮೊದಲೇ ಹೇಳಿಬಿಡುತ್ತೇನೆ, ವಕೀಲರ ಹೆಸರು ಇಲ್ಲಿ ಹಾಕುತ್ತಿಲ್ಲ. ಜಾಹೀರಾತಿನ ಥರ ಕಾಣುವುದು ಬೇಡ ಎಂದು ಅವರೇ ಕೇಳಿಕೊಂಡರು. ಮಾಡಿದ ಕೆಲಸದ ಬಗ್ಗೆ ಬರೆಯಿರಿ, ಅದಕ್ಕೆ ಅಡ್ಡಿಯಿಲ್ಲ ಅಂದರು. ಲಾರಿ ಗುದ್ದಿ ಮನೆಯವರೊಬ್ಬರು ಆಸ್ಪತ್ರೆಯಲ್ಲಿ ಮಲಗಿರುವಾಗ ಎಂಥ ವಕೀಲರನ್ನು ಹುಡುಕಬೇಕು ಅಂತ ಯಾರಿಗೂ ತಿಳಿಯುವುದಿಲ್ಲ. ನಮಗೂ ತಿಳಿದಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೂದಲು ಕತ್ತರಿಸುವ ಕೆಲಸದವನು. ದಿನಕ್ಕೆ ಒಂಬತ್ತು ಹತ್ತು ಗಂಟೆ ನಿಂತೇ ಇರಬೇಕು. ಅವತ್ತು ಬೆಳಿಗ್ಗೆ ಕಾರಿನಲ್ಲಿ ಕೆಲಸಕ್ಕೆ ಹೊರಟಿದ್ದೆ. ಕ್ರಾಸ್‌ನಲ್ಲಿ ಮುಂದೆ ಒಂದು ಟ್ರೇಲರ್ ಲಾರಿ ಇತ್ತು. ಅದು ನನ್ನಿಂದ ಆಚೆ ಪಕ್ಕಕ್ಕೆ ಸರಿಯಿತು. ನೇರ ಹೋಗುತ್ತದೆ ಅಂದುಕೊಂಡು ನಾನು ಈಚೆ ಪಕ್ಕದಲ್ಲಿ ಮುಂದೆ ಹೋದೆ. ಅದು ನನ್ನ ಕಡೆಗೇ ತಿರುಗಿತು. ಮೂತಿ ನನ್ನನ್ನು ದಾಟಿ ಹೋಯಿತು. ಹಿಂದಿನ ಚಕ್ರಗಳು ಮಾತ್ರ ಒಳಕ್ಕೆ ಬಂದು ನನ್ನ ಬಾಗಿಲನ್ನು ಹಿಸುಕಿಬಿಟ್ಟವು. ಮಂಡಿಯ ಕೆಳಗಿನ ಮೂಳೆ ಕೀಲಿನ ಹತ್ತಿರವೇ ಮುರಿಯಿತು. ಒಂದು ಪ್ಲೇಟು, ಏಳು ಸ್ಕ್ರೂ.

ಮೂರನೇ ದಿನ ವಿಮಾ ಕಂಪನಿಯ ಕಡೆಯಿಂದ ಒಬ್ಬರು ವಾರ್ಡಿಗೇ ಬಂದರು. ತುಂಬಾ ಮೆತ್ತಗೆ ಮಾತಾಡಿದರು. ಆಸ್ಪತ್ರೆ ಬಿಲ್ಲು ಪೂರ್ತಿ ಕೊಡುತ್ತೇವೆ, ಮೇಲೆ ಇಷ್ಟು ದುಡ್ಡು, ಇಲ್ಲೊಂದು ಸಹಿ ಹಾಕಿ ಅಂದರು. ನೋವಿನ ಮಾತ್ರೆಯ ಮಂಪರಿನಲ್ಲಿ ನಾನು ಪೆನ್ನು ಹಿಡಿದೂ ಆಗಿತ್ತು. ಅಕ್ಕ ಕಾಗದ ಕಿತ್ತುಕೊಂಡು, 'ಓದಿ ನಾಳೆ ಹೇಳ್ತೇವೆ' ಅಂತ ಕಳಿಸಿದಳು. ಅದರ ಕೊನೆಯ ಪುಟದಲ್ಲಿತ್ತು ವಿಷಯ: ಈ ಅಪಘಾತದ ಬಗ್ಗೆ ಮುಂದೆ ಯಾರ ಮೇಲೂ ಏನನ್ನೂ ಕೇಳುವುದಿಲ್ಲ ಅಂತ. ಸಹಿ ಹಾಕಿದ್ದರೆ ಅಲ್ಲಿಗೇ ಮುಗಿದಿತ್ತು. ಆಗ ನನ್ನ ಮಂಡಿ ಇನ್ನು ಮಡಚುತ್ತದೋ ಇಲ್ಲವೋ ಡಾಕ್ಟರಿಗೇ ಗೊತ್ತಿರಲಿಲ್ಲ!

ಅಕ್ಕ ಅವತ್ತು ಸಂಜೆ ಮೂವರು ವಕೀಲರಿಗೆ ಫೋನ್ ಮಾಡಿದಳು. ಇಬ್ಬರು ಮೊದಲು ಕೇಳಿದ್ದು ಆಸ್ಪತ್ರೆ ಬಿಲ್ಲು ಎಷ್ಟಾಗಿದೆ ಅಂತ. ಈ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: 'ಲಾರಿ ಈಗ ಎಲ್ಲಿದೆ?' ನಾವು ಅವರನ್ನು ಆರಿಸಿಕೊಂಡದ್ದು ಆ ಪ್ರಶ್ನೆಗಾಗಿ. ಅದರ ಬೆಲೆ ನನಗೆ ಅರ್ಥವಾದದ್ದು ನಿಧಾನವಾಗಿ.

ಎರಡು ಕಾರು ಗುದ್ದಿದ ಕೇಸು ಬೇರೆ, ಲಾರಿ ಕೇಸು ಬೇರೆ ಅಂತ ಅವರು ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ಕೂತು ವಿವರಿಸಿದರು. ಲಾರಿಯ ಹಿಂದೆ ಒಬ್ಬ ಡ್ರೈವರ್ ಮಾತ್ರ ಇರುವುದಿಲ್ಲ. ಲಾರಿಯ ಮಾಲೀಕ ಒಬ್ಬ, ಟ್ರೇಲರಿನ ಮಾಲೀಕ ಇನ್ನೊಬ್ಬ ಇರಬಹುದು. ಲೋಡು ತುಂಬಿದವರು ಬೇರೆ, ರಿಪೇರಿ ಮಾಡಿದವರು ಬೇರೆ. ಯಾರ ತಪ್ಪು ಎಷ್ಟು ಅನ್ನುವುದು ಅವರವರ ದಾಖಲೆಗಳಲ್ಲಿ ಇರುತ್ತದೆ. ಆ ದಾಖಲೆಗಳೆಲ್ಲ ಎದುರು ಪಾರ್ಟಿಯ ಕೈಯಲ್ಲೇ ಇರುತ್ತವೆ, ಅದೇ ಕಷ್ಟ. ಅವು ಬಹಳ ದಿನ ಉಳಿಯುವುದೂ ಇಲ್ಲ. ಎಷ್ಟೋ ಲಾರಿಗಳಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ವೇಗ ಎಷ್ಟಿತ್ತು ಅಂತ ಎಂಜಿನ್ನಿನ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಲಾರಿ ಮತ್ತೆ ರಸ್ತೆಗಿಳಿದರೆ ಹೊಸದು ಹಳೆಯದರ ಮೇಲೆ ಬಂದು ಕೂರುತ್ತದೆ. ರಸ್ತೆ ಬದಿಯ ಕ್ಯಾಮೆರಾಗಳದ್ದೂ ಇದೇ ಕಥೆ.

ನಾಲ್ಕನೇ ದಿನವೇ ನೋಟಿಸ್ ಹೋಯಿತು. ಲಾರಿಯನ್ನು ರಿಪೇರಿ ಮಾಡಬೇಡಿ, ಎಂಜಿನ್ ದಾಖಲೆ, ಜಿಪಿಎಸ್, ಡ್ರೈವರ್ ಗಾಡಿ ಓಡಿಸಿದ ಗಂಟೆಗಳ ಲೆಕ್ಕ, ತೂಕದ ಚೀಟಿ, ಹಿಂದಿನ ರಿಪೇರಿ ಬಿಲ್ಲು, ಡ್ರೈವರಿನ ಫೋನ್ ಕರೆಗಳ ಪಟ್ಟಿ, ಯಾವುದನ್ನೂ ಅಳಿಸಬೇಡಿ ಅಂತ. ಕ್ರಾಸಿನ ಪೆಟ್ರೋಲ್ ಬಂಕಿಗೆ ಅವರ ಜೂನಿಯರ್ ಹುಡುಗ ತಾನೇ ಹೋದ. ಅಲ್ಲಿನ ಕ್ಯಾಮೆರಾ ಒಂದೇ ವಾರದ ರೆಕಾರ್ಡಿಂಗ್ ಇಟ್ಟುಕೊಳ್ಳುತ್ತಿತ್ತು. ಇನ್ನೆರಡು ದಿನ ತಡವಾಗಿದ್ದರೆ ನನ್ನ ಅಪಘಾತ ಅಳಿಸಿ ಹೋಗುತ್ತಿತ್ತು.

ಒಬ್ಬ ಹಳೆಯ ಮೆಕ್ಯಾನಿಕ್ಕನ್ನೂ ಕರೆದುಕೊಂಡು ಹೋಗಿ ಲಾರಿ ತೋರಿಸಿದರು. ಬ್ರೇಕ್ ಸರಿಯಾಗೇ ಇತ್ತಂತೆ. ಟೈರೂ ಸರಿ. ಆದರೆ ನಾನಿದ್ದ ಕಡೆಯ ಕನ್ನಡಿಯ ಹಿಡಿಕೆ ಮುರಿದು ತಂತಿಯಲ್ಲಿ ಕಟ್ಟಿತ್ತು. ತಂತಿಗೆ ತುಕ್ಕು ಹಿಡಿದಿತ್ತು. ಅಂದರೆ ಅಪಘಾತದಲ್ಲಿ ಮುರಿದದ್ದಲ್ಲ, ತಿಂಗಳುಗಟ್ಟಲೆ ಹಾಗೇ ಓಡಿಸಿದ್ದಾರೆ. ಆ ತುಕ್ಕಿನ ಫೋಟೋ ನಮ್ಮ ಫೈಲಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು.

ಏಕೆಂದರೆ ಎದುರು ಪಾರ್ಟಿಯ ವಾದ ಒಂದೇ ಇತ್ತು: ಇವನು ಲಾರಿಯ ಕಾಣದ ಜಾಗಕ್ಕೆ ತಾನಾಗಿ ನುಗ್ಗಿದ. ಅದರಲ್ಲಿ ಸ್ವಲ್ಪ ನಿಜ ಇದೆ, ಮೇಡಂ ನನ್ನ ಹತ್ತಿರ ಅದನ್ನು ಮುಚ್ಚಿಡಲಿಲ್ಲ. ಉದ್ದದ ಲಾರಿ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತವೆ. ಅದಕ್ಕೇ ಡ್ರೈವರ್ ಮೊದಲು ಆಚೆಗೆ ಸರಿದು ಆಮೇಲೆ ಈಚೆಗೆ ತಿರುಗಿಸುತ್ತಾನೆ. 'ನಿಮ್ಮದೂ ಒಂದು ಪಾಲು ತಪ್ಪು ಅಂತ ತೀರ್ಮಾನ ಆಗಬಹುದು, ಅಷ್ಟು ಪರಿಹಾರ ಕಡಿಮೆ ಆಗಬಹುದು, ಅದಕ್ಕೆ ತಯಾರಿರಿ' ಅಂದರು. ನನಗೆ ಬೇಜಾರಾಯಿತು. ಆದರೆ ಸುಮ್ನೆ ಆಸೆ ತೋರಿಸುವವರಲ್ಲ ಅಂತ ನಂಬಿಕೆ ಹುಟ್ಟಿದ್ದೂ ಅವತ್ತೇ. ಪೆಟ್ರೋಲ್ ಬಂಕಿನ ವಿಡಿಯೋದಲ್ಲಿ ಲಾರಿಯ ಇಂಡಿಕೇಟರ್ ಉರಿದದ್ದು ತಿರುಗಲು ಶುರು ಮಾಡಿದ ಮೇಲೆ.

ಇನ್ನೊಂದು ವಿಷಯ ಗಂಟೆಗಳ ಲೆಕ್ಕದಲ್ಲಿ ಸಿಕ್ಕಿತು. ಆ ಡ್ರೈವರ್ ಹಿಂದಿನ ರಾತ್ರಿಯಿಂದ ಒಟ್ಟು 13 ಗಂಟೆ ಓಡಿಸಿದ್ದ. ನಡುವೆ ಎರಡೇ ಸಲ ನಿಲ್ಲಿಸಿದ್ದ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ಕಡ್ಡಾಯವಂತೆ, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಮಿತಿ. ಅಮೆರಿಕದಲ್ಲಿ ಸರಕು ಲಾರಿಗೆ 11 ಗಂಟೆ. 2017ರ ಡಿಸೆಂಬರಿನಿಂದ ಅಲ್ಲಿ ಬಹುತೇಕ ಲಾರಿಗಳಲ್ಲಿ ಈ ಲೆಕ್ಕವನ್ನು ಯಂತ್ರವೇ ಬರೆಯಬೇಕು. ಪುಸ್ತಕದಲ್ಲಿ ಕೈಯಿಂದ ಬರೆದರೆ ತಿದ್ದುವುದು ಸುಲಭ, ಅಲ್ವಾ? ನನ್ನ ಕೇಸಿನಲ್ಲೂ ಪುಸ್ತಕದಲ್ಲಿ ಒಂದು ಲೆಕ್ಕ, ಜಿಪಿಎಸ್‌ನಲ್ಲಿ ಇನ್ನೊಂದು ಲೆಕ್ಕ ಇತ್ತು. ಆ ಡ್ರೈವರಿನ ಮೇಲೆ ನನಗೀಗ ಸಿಟ್ಟಿಲ್ಲ. ಅಷ್ಟು ಹೊತ್ತು ನಿದ್ದೆಗೆಟ್ಟು ಓಡಿಸು ಅಂತ ಕಳಿಸಿದವರ ಮೇಲಿದೆ.

ಫೀಸಿನ ವಿಷಯ. ಮೊದಲ ಭೇಟಿಯಲ್ಲೇ ಬರೆದು ಕೊಟ್ಟರು: ಯಾವ ಹಂತಕ್ಕೆ ಎಷ್ಟು, ತಜ್ಞರ ವರದಿಯ ಖರ್ಚು ಯಾರದು, ಸೋತರೆ ಏನು. ಗೆದ್ದ ಹಣದಲ್ಲಿ ಪಾಲು ತೆಗೆದುಕೊಳ್ಳುವ ಪದ್ಧತಿ ಅಮೆರಿಕದಲ್ಲಿ ಸಾಮಾನ್ಯ, ಭಾರತದಲ್ಲಿ ವಕೀಲರ ನಿಯಮವೇ ಅದಕ್ಕೆ ಒಪ್ಪುವುದಿಲ್ಲ. ನಿಮ್ಮಲ್ಲಿ ಏನೇ ಇರಲಿ, ಬರಹದಲ್ಲಿ ಕೇಳಿ. ಬರೆದು ಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ಹೋಗಬೇಡಿ.

ಕೊರತೆಗಳೂ ಇದ್ದವು. ಐದನೇ ತಿಂಗಳಿಂದ ಹತ್ತನೇ ತಿಂಗಳವರೆಗೆ ಏನು ನಡೆಯುತ್ತಿದೆ ಅಂತಲೇ ತಿಳಿಯಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ, ಎರಡು ದಿನ ಬಿಟ್ಟು ಜೂನಿಯರ್ ಕರೆ ಮಾಡುತ್ತಿದ್ದ. ಅಷ್ಟರಲ್ಲಿ ಜೂನಿಯರ್ ಕೂಡ ಬದಲಾದ, ಹೊಸಬನಿಗೆ ನನ್ನ ಯಾವ ಕಾಲು ಅನ್ನುವುದೂ ಗೊತ್ತಿರಲಿಲ್ಲ. ದುಡಿಮೆ ನಿಂತಿರುವವನಿಗೆ ಈ ಮೌನ ತುಂಬಾ ಭಾರ. ಸಾಲ ಬೆಳೆಯುತ್ತಿತ್ತು. ನಡುವೆ ಒಂದು ರಾಜಿ ಮಾತು ಬಂದಾಗ ಒಪ್ಪಿಬಿಡಿ ಅಂತ ನಾನೇ ಗೋಗರೆದೆ. ಮೇಡಂ ಒಪ್ಪಲಿಲ್ಲ. 'ತೀರ್ಮಾನ ನಿಮ್ಮದೇ. ಆದರೆ ಮಂಡಿ ಎಲ್ಲಿಗೆ ನಿಲ್ಲುತ್ತದೆ ಅಂತ ಡಾಕ್ಟರ್ ಹೇಳುವ ಮೊದಲು ಲೆಕ್ಕ ಹಾಕುವುದು ಹೇಗೆ?' ಅಂದರು. ಕಾದೆ. ಹನ್ನೊಂದನೇ ತಿಂಗಳು ಡಾಕ್ಟರ್ ಬರೆದುಕೊಟ್ಟರು: ಪೂರ್ತಿ ಮಡಚುವುದಿಲ್ಲ, ಸವೆತ ಬರುವ ಸಾಧ್ಯತೆ ಇದೆ, ಜಾಸ್ತಿ ಹೊತ್ತು ನಿಲ್ಲುವಂತಿಲ್ಲ.

ಆ ಕೊನೆಯ ಮಾತನ್ನು ಅವರು ಹಿಡಿದುಕೊಂಡ ರೀತಿ ನಾನು ಮರೆಯಲಾರೆ. ಕಾಲಿಗೆ ಆದ ಊನದ ಶೇಕಡಾ ಲೆಕ್ಕ ಕಾಗದದಲ್ಲಿ ಚಿಕ್ಕದೇ ಇತ್ತು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಅದು ಚಿಕ್ಕದೇ ಇರಬಹುದು. ನಿಂತು ಕತ್ತರಿ ಹಿಡಿಯುವವನಿಗೆ ಅದು ಅರ್ಧ ಜೀವನ. ಅದನ್ನು ತೋರಿಸಲು ನನ್ನ ಹಳೆಯ ಅಪಾಯಿಂಟ್‌ಮೆಂಟ್ ಪುಸ್ತಕ ಕೇಳಿ ತರಿಸಿದರು. ಮೊದಲು ದಿನಕ್ಕೆ ಎಷ್ಟು ತಲೆ, ಈಗ ಎಷ್ಟು ತಲೆ ಅಂತ ಪುಟಪುಟ ಎಣಿಸಿದರು. ಒಂದು ಡೈರಿಯನ್ನೂ ಬರೆಸಿದ್ದರು: ಯಾವತ್ತು ನಿದ್ದೆ ಬರಲಿಲ್ಲ, ಯಾವತ್ತು ಮೆಟ್ಟಿಲು ಹತ್ತಿದೆ. ಆಗ ಬೇಸರದಿಂದ ಬರೆದಿದ್ದೆ. ಆಮೇಲೆ ಎದುರು ಪಕ್ಷದ ಡಾಕ್ಟರ್ ಪ್ರಶ್ನೆ ಕೇಳಿದಾಗ ತಾರೀಕು ಸಮೇತ ಉತ್ತರ ಕೊಡಲು ಆಯಿತು.

17ನೇ ತಿಂಗಳು ತೀರ್ಪಿಗೆ ಮೊದಲೇ ರಾಜಿಯಾಯಿತು. ಒಂದು ಪಾಲು ತಪ್ಪು ನನ್ನ ಮೇಲೂ ಬಂತು, ಮೇಡಂ ಹೇಳಿದ ಹಾಗೇ. ಆದರೂ ವಾರ್ಡಿಗೆ ಬಂದವರು ತೋರಿಸಿದ ಮೊತ್ತದ ಎಂಟು ಪಟ್ಟು ಸಿಕ್ಕಿತು. ಲಾರಿ ಕೇಸಿಗೆ ಇವರನ್ನು ಮತ್ತೆ ಹಿಡಿಯುತ್ತೀರಾ ಅಂದರೆ ಹೂಂ ಅನ್ನುತ್ತೇನೆ. ತಿಂಗಳಿಗೊಂದು ಫೋನ್ ಮಾಡಲೇಬೇಕು ಅಂತ ಮೊದಲೇ ಮಾತಾಡಿಕೊಂಡು.

ಈಗ ಎತ್ತರದ ಸ್ಟೂಲು ಇಟ್ಟುಕೊಂಡು ಅರ್ಧ ದಿನ ಕೆಲಸ ಮಾಡುತ್ತಿದ್ದೇನೆ. ಮುಂದಿನ ತಿಂಗಳು ಪ್ಲೇಟು ತೆಗೆಸಬೇಕು. ಆ ಆಪರೇಷನ್ನಿನ ಖರ್ಚು ರಾಜಿ ಪತ್ರದ ಮೂರನೇ ಸಾಲಿನಲ್ಲಿ ಮೊದಲೇ ಸೇರಿದೆ.