ಮಾರ್ಕ್ಸ್ ಹುಚ್ಚಿಗೆ ಯಾವ ಮದ್ದು? ಪ್ಲ್ಯಾನರ್, ಆಂಕಿ, ಒಂದು ಫೋನ್ ಕರೆ ಮತ್ತು ಲಾಂಗ್ ಬುಕ್

ಗೆದ್ದದ್ದು ಲಾಂಗ್ ಬುಕ್. ಹೌದು, ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಾದಾ ಗೆರೆ ಹಾಳೆಯ ಪುಸ್ತಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಏಳುನೂರು ಚಿಲ್ಲರೆ ಕೊಟ್ಟು ತರಿಸಿದ ಪ್ಲ್ಯಾನರ್ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ಉರಿ ಮುಂದಿನ ಮಾತುಗಳಲ್ಲೂ ಕಾಣಬಹುದು.

ನಾನು ಶಿರಸಿ ಕಡೆಯವಳು, ಓದುತ್ತಿರುವುದು ಕಾರವಾರದಲ್ಲಿ, ಬಿಎಸ್ಸಿ ನರ್ಸಿಂಗ್. ಕಾಯಿಲೆ ಏನೆಂದರೆ, 100ಕ್ಕೆ 88 ಬಂದರೆ ಉಳಿದ 12 ಎಲ್ಲಿ ಹೋಯಿತು ಅಂತ ರಾತ್ರಿಯಿಡೀ ಹುಡುಕುವುದು. ಪಾಸಾಗಲು 50 ಸಾಕು ಅಂತ ಗೊತ್ತು. ಗೊತ್ತಿದ್ದು ಏನು ಬಂತು? ಒಂದು ಅಕ್ಷರ ತಪ್ಪಿದರೆ ಕೇರ್ ಪ್ಲ್ಯಾನಿನ (ರೋಗಿಗೆ ಏನೇನು ಆರೈಕೆ ಅಂತ ಬರೆಯುವುದು) ಇಡೀ ಹಾಳೆ ಹರಿದು ಹೊಸದಾಗಿ ಬರೆಯುವುದು, ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ನಿಂತಲ್ಲೇ ತೂಕಡಿಸುವುದು. ನಮ್ಮ ಬ್ಯಾಚಿನಲ್ಲಿ ಇಂಥವರು ಇನ್ನೂ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪ್ಲ್ಯಾನರ್. ನೋಡಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಗಂಟೆಗೊಂದು ಚೌಕ, ಗುರಿ ಬರೆಯಲು ಜಾಗ, ಮನಸ್ಸು ಹೇಗಿತ್ತು ಅಂತ ಬಣ್ಣ ತುಂಬಲು ಐದು ಪುಟ್ಟ ಮುಖಗಳು. ಆದರೆ ಖಾಲಿ ಚೌಕ ಕಂಡರೆ ತುಂಬಲೇಬೇಕು ಅನ್ನುವವಳ ಕೈಗೆ ಇದನ್ನು ಕೊಡಬಾರದು. ಓದಬೇಕಾದ ಹೊತ್ತೆಲ್ಲ ಪ್ಲ್ಯಾನರ್ ತುಂಬುವುದಕ್ಕೇ ಹೋಯಿತು. ಸಾಲದ್ದಕ್ಕೆ ಕರಾವಳಿಯ ಮಳೆಗಾಲ. ಜುಲೈ ಬರುವಷ್ಟರಲ್ಲಿ ಹಾಳೆಗಳೆಲ್ಲ ಹಸಿ ಹಪ್ಪಳದ ಹಾಗೆ ಮೆತ್ತಗಾಗಿ, ಹೈಲೈಟರ್ ಬಣ್ಣ ಹಿಂದಿನ ಪುಟಕ್ಕೂ ಇಳಿದಿತ್ತು. ಒಂದು ಪುಟ ಕೆಟ್ಟಿತು ಅಂತ ಇಡೀ ತಿಂಗಳನ್ನು ಬೇರೆ ಕಡೆ ಬರೆದುಕೊಂಡೆ. ಮದ್ದೇ ರೋಗವಾಯಿತು, ಅಷ್ಟೇ.

ಎರಡನೆಯದು ಆಂಕಿ ಆ್ಯಪ್. ಕಾರ್ಡಿನ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ, ಮರೆಯದಂತೆ ಮತ್ತೆ ಮತ್ತೆ ಕೇಳುತ್ತದೆ. ಇದನ್ನು ಬೈಯಲು ಮನಸ್ಸಿಲ್ಲ. ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ (ಐಫೋನ್‌ನವರು ದುಡ್ಡು ಕೊಡಬೇಕು). ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಊರಿಗೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಹೋದರೂ ಕಾರ್ಡ್ ತಿರುಗಿಸುತ್ತಾ ಕೂರಬಹುದು. ಔಷಧಿಗಳ ಹೆಸರು, ಅಡ್ಡಪರಿಣಾಮ, ನಾರ್ಮಲ್ ವ್ಯಾಲ್ಯೂಗಳು, ಇವಕ್ಕೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ತಕರಾರು ಒಂದೇ, ಆದರೆ ದೊಡ್ಡದು. ಉತ್ತರ ನೋಡಿದ ಮೇಲೆ ನಿಮಗೆ ನೀವೇ ಮಾರ್ಕ್ಸ್ ಹಾಕಿಕೊಳ್ಳಬೇಕು: ಅಗೇನ್, ಹಾರ್ಡ್, ಗುಡ್, ಈಸಿ. ಅಗೇನ್ ಒತ್ತಿದರೆ ಆ ಕಾರ್ಡ್ ಸ್ವಲ್ಪ ಹೊತ್ತಿಗೇ ಮತ್ತೆ ಬರುತ್ತದೆ. ಒಮ್ಮೆ ಕಲಿತ ಕಾರ್ಡಿಗೆ ಗುಡ್ ಒತ್ತಿದರೆ ಕೆಲವು ದಿನ ಬಿಟ್ಟು ಬರುತ್ತದೆ. ಮಾರ್ಕ್ಸ್ ಹುಚ್ಚಿನವರ ಕೈಗೇ ಮಾರ್ಕ್ಸ್ ಹಾಕುವ ಕೆಲಸ ಕೊಟ್ಟರೆ ಏನಾಗುತ್ತದೆ, ನೀವೇ ಊಹಿಸಿ.

ಒಂದು ಕಾರ್ಡ್ ಹೇಳುತ್ತೇನೆ. ದೊಡ್ಡವರಿಗೆ ಡಿಜಾಕ್ಸಿನ್ (ಹೃದಯದ ಔಷಧಿ) ಕೊಡುವ ಮುಂಚೆ ಏನು ನೋಡಬೇಕು? ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು, 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಕೊಡದೆ ಡಾಕ್ಟರಿಗೆ ಹೇಳಬೇಕು. ಇಷ್ಟೂ ಸರಿಯಾಗಿ ಹೇಳಿದ್ದೆ. ಆದರೆ ಕಾರ್ಡಿನಲ್ಲಿ 'ಏಪಿಕಲ್ ಪಲ್ಸ್' (ಹೀಗೆ ಎದೆಯ ಮೇಲೆ ಎಣಿಸುವ ಬಡಿತ) ಅಂತಿತ್ತು, ನನ್ನ ಬಾಯಲ್ಲಿ 'ಹಾರ್ಟ್ ರೇಟ್' ಅಂತ ಬಂತು. ಒತ್ತಿದೆ ಅಗೇನ್. ಹೀಗೆ ಗೊತ್ತಿರುವುದನ್ನೆಲ್ಲ ಗೊತ್ತಿಲ್ಲದ್ದರ ಸಾಲಿಗೆ ತಳ್ಳುತ್ತಾ ಹೋದೆ. ಮೇಲಿಂದ ಹೊಸ ಕಾರ್ಡ್ ಬೇರೆ. ನಾವು ಬದಲಿಸದಿದ್ದರೆ ದಿನಕ್ಕೆ 20ರಂತೆ ಬರುತ್ತವೆ. ಹಬ್ಬಕ್ಕೆ ಊರಿಗೆ ಹೋಗಿ ಬಂದರೆ ಬಾಕಿ ಬೆಟ್ಟದಷ್ಟು. ಅದು ಸೊನ್ನೆಯಾಗುವವರೆಗೆ ಊಟಕ್ಕೂ ಏಳುತ್ತಿರಲಿಲ್ಲ. ಆಯಿ ಫೋನ್ ಮಾಡಿ 'ಊಟ ಆತನೇ ಕೂಸೇ?' ಅಂದರೆ ಸುಮ್ನೆ ಹೂಂ ಅನ್ನುತ್ತಿದ್ದೆ.

ಈಗ ಹೊಸ ಕಾರ್ಡಿನ ಮಿತಿ 5ಕ್ಕೆ ಇಳಿಸಿದ್ದೇನೆ. ರೋಗಿಗೆ ತೊಂದರೆಯಾಗುವಂಥ ತಪ್ಪಾದರೆ ಮಾತ್ರ ಅಗೇನ್, ಉಳಿದದ್ದಕ್ಕೆಲ್ಲ ಗುಡ್. ಹಾಗಾಗಿ ಆಂಕಿ ಫೋನಿನಲ್ಲಿ ಉಳಿದಿದೆ, ಎರಡನೇ ಸ್ಥಾನದಲ್ಲಿ.

ರಿಸಲ್ಟ್ ದಿನ ಎಲ್ಲರ ಮಾರ್ಕ್ಸ್ ಹಾಕುವ ವಾಟ್ಸ್‌ಆ್ಯಪ್ ಗುಂಪು ಹೋಲಿಕೆಗೂ ಲಾಯಕ್ಕಿಲ್ಲ. ಮ್ಯೂಟ್ ಮಾಡಿ.

ಮೂರನೆಯದು ಟೆಲಿ ಮಾನಸ್, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ. ಕಾಸಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನನ್ನನ್ನು ಮಾರ್ಕ್ಸ್ ಬಗ್ಗೆ ಕೇಳುವ ಮೊದಲು ನಿದ್ದೆ ಬಗ್ಗೆ ಕೇಳಿದರು, ಅದು ಹಿಡಿಸಿತು. ಕಷ್ಟ ಇದ್ದದ್ದು ನಮ್ಮ ಕಡೆ: ಹಾಸ್ಟೆಲಿನಲ್ಲಿ ಗುಟ್ಟಾಗಿ ಮಾತಾಡಲು ಜಾಗವೆಲ್ಲಿ? ಟಾಗೋರ್ ಬೀಚಿಗೆ ಹೋದರೆ ಗಾಳಿಯ ಸದ್ದು. ಕೊನೆಗೆ ತಾರಸಿಯಲ್ಲಿ, ಒಣಗಲು ಹಾಕಿದ ಯೂನಿಫಾರ್ಮ್‌ಗಳ ಮಧ್ಯೆ ನಿಂತು ಮಾತಾಡಿದೆ. ಇದನ್ನು ಉಳಿದವುಗಳ ಸಾಲಿಗೆ ಸೇರಿಸಿ ನಂಬರ್ ಕೊಡುವುದು ಸರಿಯಲ್ಲ. ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಪುಸ್ತಕ, ಆ್ಯಪ್ ಎಲ್ಲ ಬದಿಗಿಟ್ಟು ಮೊದಲು ಇದಕ್ಕೇ ಕರೆ ಮಾಡಿ.

ಈಗ ಲಾಂಗ್ ಬುಕ್. ಉಪಾಯ ನನ್ನದಲ್ಲ, ವಾರ್ಡಿನದು. ಪೋಸ್ಟಿಂಗಿನಲ್ಲಿ ಇನ್‌ಚಾರ್ಜ್ ಸಿಸ್ಟರ್ ಚಾರ್ಟ್ ಬರೆಯುವುದನ್ನು ನೋಡಿ. ತಪ್ಪಾದರೆ ಅದರ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದದ್ದು, ಸಹಿ, ದಿನಾಂಕ, ಸಮಯ. ಮುಂದಿನ ಸಾಲು. ವೈಟ್ನರ್ ಹಚ್ಚುವಂತಿಲ್ಲ, ಗೀಚಿ ಮುಚ್ಚುವಂತಿಲ್ಲ, ಕೆಳಗಿನ ಅಕ್ಷರ ಓದಲು ಬರಬೇಕು. ಅದು ಕಾನೂನಿನ ಕಾಗದ. ಹಾಳೆ ಹರಿದು ಹೊಸದಾಗಿ ಬರೆದರೆ ಅದೇ ದೊಡ್ಡ ತಪ್ಪು. ರೋಗಿಯ ಫೈಲೇ ಹೀಗಿರುವಾಗ ನನ್ನ ಅಸೈನ್‌ಮೆಂಟಿಗೆ ಯಾಕೆ ಅಷ್ಟು ಮಡಿ?

ದಿನಾ ಸಂಜೆ ಒಂದು ಪುಟ. ಒಂದೊಂದು ಕೆಲಸದ ಮುಂದೆ ಎರಡೇ ಸಂಗತಿ ಬರೆಯುತ್ತೇನೆ: ಇದಕ್ಕೆ ನಿಜವಾಗಿ ಎಷ್ಟು ಮಾರ್ಕ್ಸ್, ಎಷ್ಟು ಹೊತ್ತಿಗೆ ಬಂದ್. ಮಾರ್ಕ್ಸ್ ಬರೆದಾಗಲೇ ಅರ್ಧ ಹುಚ್ಚು ಇಳಿಯುತ್ತದೆ. ನಮ್ಮ ನರ್ಸಿಂಗಿನ 2021ರ ಸಿಲಬಸ್ಸಿನಲ್ಲಿ ಥಿಯರಿಗೆ 100 ಅಂದರೆ 75 ಮುಖ್ಯ ಪರೀಕ್ಷೆಗೆ, 25 ಇಂಟರ್ನಲ್ಸ್‌ಗೆ. ಆ 25ರಲ್ಲಿ 15 ಸೆಷನಲ್ ಪರೀಕ್ಷೆಗಳದು (ನಡುನಡುವೆ ಕಾಲೇಜಿನಲ್ಲೇ ನಡೆಯುವವು). ಉಳಿದ 10ರಲ್ಲೇ ಹಾಜರಿ, ಅಸೈನ್‌ಮೆಂಟ್, ಸೆಮಿನಾರ್ ಎಲ್ಲ ಬರಬೇಕು. ಅಸೈನ್‌ಮೆಂಟಿನ ಸುತ್ತ ಸ್ಕೆಚ್ ಪೆನ್ನಿನಲ್ಲಿ ಹಾಕುತ್ತಿದ್ದ ಬಾರ್ಡರಿಗೆ ಇದರಲ್ಲಿ ಎಷ್ಟು ಬಿದ್ದೀತು, ನೀವೇ ಲೆಕ್ಕ ಹಾಕಿ. ಫೋನಿನ ಅಲಾರ್ಮ್ ಹೊಡೆದ ಕೂಡಲೇ ಪುಸ್ತಕ ಮುಚ್ಚಿ ಎದುರು ರೂಮಿನ ಸೀನಿಯರ್ ಅಕ್ಕನ ಕೈಗೆ ಕೊಡುತ್ತೇನೆ. ಬೆಳಿಗ್ಗೆಯವರೆಗೆ ಅವರು ವಾಪಸ್ ಕೊಡುವುದಿಲ್ಲ. ಕೇಳಿದರೆ ಬೈಯುತ್ತಾರೆ.

ಇದಕ್ಕೂ ಒಂದು ಮಿತಿ ಇಟ್ಟುಕೊಂಡಿದ್ದೇನೆ. ಡೋಸ್ ಲೆಕ್ಕ, ಡ್ರಿಪ್ ಲೆಕ್ಕ, ಸ್ಟೆರೈಲ್ ಕೆಲಸ (ಸೋಂಕು ತಗಲದಂತೆ ಮಾಡಬೇಕಾದದ್ದು), ಇವಕ್ಕೆ ಅಲಾರ್ಮ್ ಇಲ್ಲ. 500 ಎಂಎಲ್ 4 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟು (ಹನಿ ಬೀಳುವ ಕೊಳವೆ) ಎಂಎಲ್‌ಗೆ 20 ಹನಿಯದು ಅಂದರೆ ನಿಮಿಷಕ್ಕೆ 42 ಹನಿ. ಅಲ್ಲಿ 'ಹತ್ತಿರ ಹತ್ತಿರ ಬಂತು' ಅನ್ನುವ ಮಾತಿಲ್ಲ. ಎರಡು ಸಲ ಮಾಡಿ, ಪಕ್ಕದವಳಿಗೂ ತೋರಿಸುತ್ತೇನೆ.

ಮನೆಯಿಂದ ತಿಂಗಳಿಗೆ ಬರುವ ದುಡ್ಡಿನಲ್ಲಿ ಬಸ್ ಚಾರ್ಜು, ಜೆರಾಕ್ಸು ಕಳೆದರೆ ನನ್ನ ಹತ್ತಿರ ಜಾಸ್ತಿ ಉಳಿಯುವುದಿಲ್ಲ, ಬರೆಯದೆ ತಲೆಗೆ ಹತ್ತುವುದೂ ಇಲ್ಲ. ಹಾಗಾಗಿ ನನಗೆ ಲಾಂಗ್ ಬುಕ್. ನಿಮಗೆ ಬರೆಯುವುದೆಂದರೆ ಬೇಜಾರು, ದಿನಾ ಬಸ್ಸಿನಲ್ಲಿ ಓಡಾಡುತ್ತೀರಿ ಅಂದರೆ ಆಂಕಿ ತಗೊಳ್ಳಿ, ಮಿತಿ ಮಾತ್ರ ಮೊದಲ ದಿನವೇ ಇಳಿಸಿ. ಪ್ಲ್ಯಾನರ್ ಬೇಕೇ ಬೇಕು ಅನ್ನುವವರು ಮಳೆಗಾಲ ಮುಗಿದ ಮೇಲಾದರೂ ಕೊಳ್ಳಿ.