ಕಾಳಜಿ ಕೇಂದ್ರದ ಕಿಟ್: ಮಾತ್ರೆ ಸರಿ, ಡ್ರಮ್ಮಿಗೆ ನಲ್ಲಿಯಿಲ್ಲ

ಮಳೆಗಾಲದ ಮುಂಚೆ ಹಾಸನದ ಅಂಗಡಿಯೊಂದರಲ್ಲಿ ಸಿಗುವ ಈ ಕಿಟ್ ಸಕಲೇಶಪುರ, ಮೂಡಿಗೆರೆ ಕಡೆಯ ಕಾಳಜಿ ಕೇಂದ್ರಗಳ, ಅಂದರೆ ಮಳೆಗೆ ಮನೆ ಬಿಟ್ಟವರು ತಂಗುವ ಶಿಬಿರಗಳ, ಸ್ವಯಂಸೇವಕರಿಗೆಂದೇ ಮಾಡಿದ್ದು. ಪೆಟ್ಟಿಗೆಯಲ್ಲಿ 20 ಲೀಟರಿನ ಡ್ರಮ್, ಕ್ಲೋರಿನ್ ಮಾತ್ರೆ, ಬ್ಲೀಚಿಂಗ್ ಪುಡಿ, ಭೇದಿಯಾದವರಿಗೆ ನೀರಲ್ಲಿ ಕಲಸಿ ಕುಡಿಸುವ ಓಆರ್‌ಎಸ್ ಇವೆ. ಆದರೆ ಅರ್ಧ ಜಾಗ ತಿಂದಿರುವುದು ಬ್ಯಾಂಡೇಜು, ಹತ್ತಿ. ಸೋಪು ಎರಡೇ ಎರಡು.

ಈ ಲೆಕ್ಕ ತಲೆಕೆಳಗು: ಜನ ಗುಂಪಾಗಿ ತಂಗುವಲ್ಲಿ ಗಾಯಕ್ಕಿಂತ ಕಾಯಿಲೆಯ ಭಯ ಹೆಚ್ಚು. 1861ರಿಂದ 65ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದಲ್ಲಿ ಗುಂಡೇಟಿಗೆ ಒಬ್ಬ ಸತ್ತರೆ ಕಾಯಿಲೆಗೆ ಇಬ್ಬರು ಸತ್ತರು. ಅದರಲ್ಲಿ ಭೇದಿ, ಆಮಶಂಕೆಯ ಪಾಲು ದೊಡ್ಡದು. 1861ರ ಜೂನಿನಲ್ಲಿ ನಾಗರಿಕರೇ ಕಟ್ಟಿದ ಸ್ಯಾನಿಟರಿ ಕಮಿಷನ್ ಗಾಯಾಳುಗಳಿಗೆ ಸಾಮಾನು ಕಳಿಸುವುದರ ಜೊತೆಗೆ ಶಿಬಿರಕ್ಕೆ ಹೋಗಿ ನೀರು, ಚರಂಡಿ, ಕಕ್ಕಸುಗುಂಡಿ, ಅಡುಗೆ ಹೇಗಿವೆ ಎಂದು ತಪಾಸಣೆ ಮಾಡುತ್ತಿತ್ತು. ಶಾಲೆಯ ಎರಡು ಕೋಣೆಯಲ್ಲಿ ನೂರು ಜನ ಮಲಗುವ ಕಾಳಜಿ ಕೇಂದ್ರಕ್ಕೂ ನೋಡಬೇಕಾದದ್ದು ಇವನ್ನೇ.

ಮಾತ್ರೆ ಚೆನ್ನಾಗಿದೆ. 0.5 ಗ್ರಾಮಿನದು ಒಂದು, 20 ಲೀಟರಿಗೆ. ಅರ್ಧ ಗಂಟೆ ಮುಚ್ಚಿಡಬೇಕು. ಕೆಂಪು ನೀರಿಗೆ ನೇರವಾಗಿ ಹಾಕಿದರೆ ಮಣ್ಣೇ ಕ್ಲೋರಿನ್ ತಿಂದುಬಿಡುತ್ತದೆ. ಮೊದಲು ತಿಳಿಗೊಳಿಸಿ, ನಾಲ್ಕು ಮಡಿಕೆ ಪಂಚೆಯಲ್ಲಿ ಸೋಸಿ. ಅರ್ಧ ಗಂಟೆಯ ಮೇಲೆ ಸಣ್ಣಗೆ ವಾಸನೆ ಬರದಿದ್ದರೆ ಇನ್ನೊಂದು ಮಾತ್ರೆ.

ಡ್ರಮ್ ಮಾತ್ರ ಸಾಲದು. ಬಾಯಿ ಅಗಲ, ನಲ್ಲಿಯಿಲ್ಲ. ಲೋಟ ಅದ್ದಿದಾಗ ಬೆರಳೂ ಮುಳುಗುತ್ತದೆ. ಶುದ್ಧ ಮಾಡಿದ ನೀರು ಅಲ್ಲೇ ಕೆಡುತ್ತದೆ. ಅರ್ಧ ಇಂಚಿನ ಪ್ಲಾಸ್ಟಿಕ್ ನಲ್ಲಿ ತಂದು, ತಳದಿಂದ ಮೂರು ಬೆರಳು ಮೇಲೆ ಕೂರಿಸಿ, ಗಸಿ ಕೆಳಗೇ ಉಳಿಯುತ್ತದೆ. ಒಳಗೊಂದು, ಹೊರಗೊಂದು ರಬ್ಬರ್ ವಾಷರ್ ಬೇಕು. ಕಾಯಿಸಿದ ಕಂಬಿಯಿಂದ ತೂತು ಮಾಡಬೇಡಿ: ಅಂಚು ಕರಗಿ ಉಬ್ಬುತ್ತದೆ, ವಾಷರ್ ಕೂರದೆ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಡ್ರಿಲ್ಲಿನಲ್ಲಿ ಕೊರೆಸಿ.

ಬ್ಲೀಚಿಂಗ್ ಪುಡಿ ತೆಳು ಪ್ಲಾಸ್ಟಿಕ್ ಚೀಲದಲ್ಲಿದೆ. ಮಲೆನಾಡಿನ ತೇವಕ್ಕೆ ಅದು ಗಂಟು ಕಟ್ಟಿ ಸತ್ವ ಕಳೆದುಕೊಳ್ಳುತ್ತದೆ. ಕೊಂಡ ದಿನವೇ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಸುರಿದಿಡಿ.

ಓಆರ್‌ಎಸ್ ಒಳ್ಳೆಯದೇ, ಆದರೆ ಕನ್ನಡದ ಚೀಟಿ ಇಲ್ಲ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಒಂದು ಲೋಟ ನೀರಿಗೆ ಅಂದಾಜಿನಲ್ಲಿ ಹಾಕಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಕಲಸಿದ್ದನ್ನು 24 ಗಂಟೆಯಲ್ಲಿ ಮುಗಿಸಿ, ಉಳಿದರೆ ಚೆಲ್ಲಿ.

ಕೊಳ್ಳಬಹುದು. ಬ್ಯಾಂಡೇಜು ಅರ್ಧಕ್ಕರ್ಧ ಕಡಿಮೆ ಮಾಡಿ ಆ ದುಡ್ಡಿಗೆ ಸೋಪು ಕೊಡಿ ಎಂದು ಕೇಳಿದರೆ ಅಂಗಡಿಯವರು ಕೊಡುತ್ತಾರೆ. ಸೋಪು ಕಕ್ಕಸಿನ ಬಾಗಿಲಲ್ಲೇ ಇರಲಿ, ದಾರ ಕಟ್ಟಿ.