ಬ್ಯಾಗಿಂದ ಇಳಿಯದ ರೆಕಾರ್ಡುಗಳು: ಗ್ರೂವೂ ಇದೆ, ಮೂಡೂ ಇದೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಟಾಪ್ ಟೆನ್ ಲಿಸ್ಟ್ ಅಲ್ಲ. ವೈನಲ್, ಅಂದ್ರೆ ಸೂಜಿ ಇಟ್ಟು ಕೇಳೋ ಪ್ಲೇಟ್, ಹಾಕೋ ಡಿಜೆಯಾಗಿ ರೆಕಾರ್ಡ್ ಆರಿಸೋಕೆ ನಂಗಿರೋದು ಒಂದೇ ಪರೀಕ್ಷೆ, ಸೂಜಿ ಇಟ್ಟಾದ್ಮೇಲೆ, ರೆಕಾರ್ಡುಗಳ ಸದ್ದು ಬೆರೆಸೋ ಮಿಕ್ಸರ್ ಮೇಲಿಂದ ಕೈ ತೆಗೆದು ಸುಮ್ನೆ ನಿಂತ್ಕೊಳ್ಳೋಕೆ ಆಗುತ್ತಾ ಇಲ್ವಾ ಅಂತ. ಬರೀ ಗ್ರೂವ್, ಅಂದ್ರೆ ಕುಣಿಸೋ ಲಯ, ಇರೋ ರೆಕಾರ್ಡ್ ಎರಡು ನಿಮಿಷಕ್ಕೇ ಬೋರ್ ಹೊಡಿಯುತ್ತೆ, ಕೈ ತಾನಾಗೇ ಬ್ಯಾಗಿನ ಕಡೆ ಹೋಗುತ್ತೆ. ಬರೀ ಮೂಡ್ ಇರೋದು ರಾತ್ರಿ ಮನೇಲಿ ಕೇಳೋಕೆ ಚೆನ್ನಾಗಿರುತ್ತೆ, ಜನ ನಿಂತಿರೋ ರೂಮಲ್ಲಿ ಹಾಕಿದ್ರೆ ಎಲ್ರೂ ಫೋನ್ ತೆಗೀತಾರೆ. ಎರಡೂ ಒಂದೇ ಪ್ಲೇಟಲ್ಲಿ ಸಿಗೋದು ಅಪರೂಪ, ಸಿಕ್ಕಿರೋದ್ರಲ್ಲಿ ಕೆಲವಿನ ಬಗ್ಗೆ ಬರೀತಿದೀನಿ.

ನಮ್ಮ ದೇಶದ್ದರಿಂದಲೇ ಶುರು ಮಾಡೋಣ. ಚರಣ್‌ಜಿತ್ ಸಿಂಗ್ ಅವರ 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಬಾಂಬೆ ಸಿನಿಮಾ ಆರ್ಕೆಸ್ಟ್ರಾದಲ್ಲಿ ನುಡಿಸ್ತಿದ್ದ ಮನುಷ್ಯ, 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಕೊಂಡು, ಅಂದ್ರೆ ಟಿಆರ್-808 ಡ್ರಮ್ ಮಷೀನ್, ಟಿಬಿ-303 ಬೇಸ್, ಜುಪಿಟರ್-8 ಸಿಂಥ್, ಹತ್ತು ರಾಗ ರೆಕಾರ್ಡ್ ಮಾಡಿದ್ರು. ಎಚ್‌ಎಂವಿಯಿಂದ ಬಂತು, ಯಾರೂ ಕ್ಯಾರೇ ಅನ್ಲಿಲ್ಲ. 2010ರಲ್ಲಿ ನೆದರ್‌ಲ್ಯಾಂಡ್ಸಿನ ಬಾಂಬೆ ಕನೆಕ್ಷನ್ ಅನ್ನೋ ಲೇಬಲ್ ಮತ್ತೆ ಪ್ರಿಂಟ್ ಮಾಡಿದ್ಮೇಲೆ ಪ್ರಪಂಚಕ್ಕೆಲ್ಲ ಗೊತ್ತಾಯ್ತು. ನಾನು ಹಾಕೋದು ಈ ಮರುಮುದ್ರಣವೇ, ಒರಿಜಿನಲ್ ಹುಡುಕ್ಕೊಂಡು ಹೋಗೋ ಹುಚ್ಚಾಗ್ಲಿ ದುಡ್ಡಾಗ್ಲಿ ನಂಗಿಲ್ಲ.

"ಆಸಿಡ್ ಹೌಸ್ ಕಂಡುಹಿಡಿದಿದ್ದೇ ನಮ್ಮವ್ರು" ಅಂತ ಎಲ್ಲಾ ಕಡೆ ಶೇರ್ ಆಗುತ್ತಲ್ಲ, ಅದು ನಂಗೆ ಸ್ವಲ್ಪ ಓವರ್ ಅನ್ಸುತ್ತೆ. ಆಸಿಡ್ ಹೌಸ್ ಅನ್ನೋ ಡ್ಯಾನ್ಸ್ ಮ್ಯೂಸಿಕ್ಕಿಗೆ ನಾಂದಿ ಹಾಡಿದ, ಚಿಕಾಗೋದ ಫ್ಯೂಚರ್ ಗುಂಪಿನ 'ಆಸಿಡ್ ಟ್ರ್ಯಾಕ್ಸ್' ಬಂದಿದ್ದು 1987ರಲ್ಲಿ, ನಿಜ, ಸಿಂಗ್ ಅವ್ರದ್ದು ಅದಕ್ಕೂ ಐದು ವರ್ಷ ಮುಂಚೆ. ಆದ್ರೆ ಚಿಕಾಗೋದವ್ರು 303ರ ಗುಬುಟುಗಳನ್ನ ಬೇಕಾಬಿಟ್ಟಿ ತಿರುಗಿಸಿ ಅದು ಕಿರುಚೋ ಹಂಗೆ ಮಾಡಿದ್ರು, ಅದೇ ಆಸಿಡ್. ಇವ್ರು ಅದನ್ನ ಮರ್ಯಾದೆಯಾಗಿ ಬೇಸ್ ಆಗೇ ನುಡಿಸಿದಾರೆ, ರಾಗದ ಸ್ವರ ಬಿಟ್ಟು ಒಂದು ಹೆಜ್ಜೆ ಆಚೆ ಹೋಗಲ್ಲ. ಯಂತ್ರ ಒಂದೇ, ಕೆಲಸ ಬೇರೆ. ನಂಗೆ ಈ ರೆಕಾರ್ಡ್ ಇಷ್ಟ ಆಗೋದು ಯಾರು ಫಸ್ಟ್ ಅನ್ನೋ ಕಾರಣಕ್ಕಲ್ಲ, 303ಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋ ಸ್ಲೈಡ್ ಇದೆಯಲ್ಲ, ಅದು ರಾಗದೊಳಗೆ ಕೂತ್ಕೊಂಡಾಗ ಹಿಂದೂಸ್ತಾನಿ ಸಂಗೀತದ ಮೀಂಡ್ ಥರಾನೇ ಕೇಳುತ್ತೆ, ಕೆಳಗೆ 808ರ ಕಿಕ್ ಡ್ರಮ್ ಮಾತ್ರ ಒಂದಿಷ್ಟೂ ಅಲುಗಾಡದೆ ಹೊಡೀತಾನೇ ಇರುತ್ತೆ. 'ರಾಗ ಭೈರವ್' ಹಾಕಿ ನೋಡಿ, ಶುದ್ಧ ಬೆಳಗಿನ ರಾಗ, ನಮ್ಮ ಕಡೆ ಮಾಯಾಮಾಳವಗೌಳ, ಸರಳೆ ವರಸೆ ಕಲ್ತವ್ರಿಗೆಲ್ಲ ಪಕ್ಕಾ ಗೊತ್ತಾಗುತ್ತೆ, ಮಧ್ಯರಾತ್ರಿ ಸಬ್‌ವೂಫರಲ್ಲಿ ಬಂದಾಗ ಒಂಥರಾ ಕಿರಿಕ್ ಆಗುತ್ತೆ ತಲೆಗೆ. ಇದೇ ರೆಕಾರ್ಡಲ್ಲಿ ಮುಂದೆ ಯಮನ್ ಅಂದ್ರೆ ಕಲ್ಯಾಣಿ, ಮಾಲ್ಕೌಂಸ್ ಅಂದ್ರೆ ಹಿಂದೋಳ. ಧಾರವಾಡದ ಕಡೆಯ ಫ್ರೆಂಡ್ ಒಬ್ನಿಗೆ ಮಾಲ್ಕೌಂಸ್ ಕೇಳಿಸಿದ್ರೆ "ಏ, ಇದೇನ್ಲೇ ಮಾರಾಯಾ, ಆಲಾಪ ಎಲ್ಲಿ ಹೋತು" ಅಂತ ಬೈದ, ಆದ್ರೆ ಕಾಲು ಮಾತ್ರ ಕುಣೀತಾ ಇತ್ತು.

ಹಾಕೋವ್ರಿಗೆ ಒಂದು ಟೆಕ್ನಿಕಲ್ ಮಾತು. ಟೆಕ್ನಿಕ್ಸ್ 1200 ಅನ್ನೋ ಟರ್ನ್‌ಟೇಬಲ್ಲಿನ ಪಿಚ್ ಸ್ಲೈಡರ್, ಅಂದ್ರೆ ವೇಗ ಏರಿಸಿ ಇಳಿಸೋ ಗುಂಡಿ, ಮಾಮೂಲಿಯಾಗಿ ಪ್ಲಸ್ 8, ಮೈನಸ್ 8 ಪರ್ಸೆಂಟ್. ಸ್ಪೀಡ್ ಜೊತೆ ಶ್ರುತಿನೂ ಏರುತ್ತೆ, ಸುಮಾರು 6 ಪರ್ಸೆಂಟಿಗೆ ಅರ್ಧ ಸ್ವರ. ಮಾಮೂಲಿ ಟೆಕ್ನೋ, ಅಂದ್ರೆ ಯಂತ್ರದ ಬೀಟಿನ ಡ್ಯಾನ್ಸ್ ಮ್ಯೂಸಿಕ್, ಮೇಲೆ ಇದು ಯಾರಿಗೂ ಗೊತ್ತಾಗಲ್ಲ, ಆದ್ರೆ ಈ ರೆಕಾರ್ಡಲ್ಲಿ ಇಡೀ ಹಾಡೇ ಷಡ್ಜದ ಮೇಲೆ ನಿಂತಿರೋದ್ರಿಂದ ಇನ್ನೊಂದು ಟ್ಯೂನ್ ಇರೋ ರೆಕಾರ್ಡ್ ಮೇಲೆ ತಂದ್ರೆ ಅಪಸ್ವರ ಹಲ್ಲು ಕಡಿಯೋ ಹಂಗೆ ಕೇಳುತ್ತೆ. ಬರೀ ಡ್ರಮ್ಸ್ ಇರೋ ರೆಕಾರ್ಡಿಂದ ಇದಕ್ಕೆ ಬನ್ನಿ, ಇದರಿಂದ ಬರೀ ಡ್ರಮ್ಸ್‌ಗೆ ಹೋಗಿ, ತಲೆನೋವಿಲ್ಲ. ಕುಂದು ಏನಪ್ಪಾ ಅಂದ್ರೆ ಹತ್ತೂ ಟ್ರ್ಯಾಕಿಗೆ ಹೆಚ್ಚುಕಮ್ಮಿ ಅದೇ ಬೀಟು, ಮೇಲಿನ ಸಿಂಥ್ ಕೆಲವು ಕಡೆ ತೀರಾ ತೆಳು, ಒಂದೇ ಸಮ ಎಲ್ಲಾ ಕೇಳಿದ್ರೆ ಸುಸ್ತಾಗುತ್ತೆ. ಒಂದು ರಾತ್ರಿಗೆ ಎರಡು ರಾಗ ಸಾಕು.

ಇನ್ನು ಜರ್ಮನಿಯ ಗಿಟಾರ್ ವಾದಕ ಮಾನುಯೆಲ್ ಗ್ಯೋಟ್‌ಶಿಂಗ್ ಅವರ 'ಇ2-ಇ4'. ಬರ್ಲಿನ್ನು, 1981ರ ಡಿಸೆಂಬರು, ತಮ್ಮ ಸ್ಟುಡಿಯೋದಲ್ಲಿ ಒಬ್ರೇ ಕೂತು ಒಂದೇ ಟೇಕಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ ನುಡಿಸಿದ್ದು, ರೆಕಾರ್ಡ್ ಆಗಿ ಬಂದಿದ್ದು 1984ರಲ್ಲಿ. ಹೆಸರು ಚೆಸ್ಸಿನ ಮೊದಲ ನಡೆ, ಕವರ್ ಮೇಲೂ ಚೌಕ ಚೌಕ. ಇರೋದು ಎರಡೇ ಕಾರ್ಡ್ (ಒಟ್ಟಿಗೆ ನುಡಿಯೋ ಸ್ವರಗಳ ಗುಂಪು), ಆ ಕಡೆ ಒಂದು ಈ ಕಡೆ ಒಂದು ಹೋಗಿ ಬಂದು ಮಾಡ್ತಿರುತ್ತೆ, ಅಷ್ಟೇ. ಐದು ನಿಮಿಷ ಆದ್ಮೇಲೆ ಅದು ಕಛೇರಿಯಲ್ಲಿ ತಂಬೂರಿ ಇದ್ದಂಗೆ ಆಗ್ಬಿಡುತ್ತೆ, ಕೇಳಿಸ್ಕೊಳ್ತಿದೀವಿ ಅಂತಾನೇ ಗೊತ್ತಾಗಲ್ಲ, ನಿಲ್ಲಿಸಿದ್ರೆ ಮಾತ್ರ ರೂಮ್ ಖಾಲಿ ಅನ್ಸುತ್ತೆ. ಸಣ್ಣ ಸಣ್ಣ ತಾಳದ ಸದ್ದುಗಳು ಒಂದೊಂದೇ ಬಂದು ಸೇರ್ಕೊಳ್ತವೆ, ಯಾವಾಗ ಬಂತು ಅಂತ ಹಿಡಿಯೋಕಾಗಲ್ಲ. ಎರಡನೇ ಸೈಡಲ್ಲಿ ಗಿಟಾರ್ ಶುರುವಾಗುತ್ತೆ. ಕೆಲವು ಡಿಜೆಗಳು ಗಿಟಾರ್ ಬಂದ್ರೆ ಕಟ್ ಮಾಡ್ತಾರೆ, ನಂಗೆ ಅದೇ ಬೇಕು, ಅಷ್ಟೊತ್ತು ಯಂತ್ರ ಕೇಳಿದ್ಮೇಲೆ ಮನುಷ್ಯನ ಬೆರಳು ಕೇಳೋದಿದೆಯಲ್ಲ, ಅದಕ್ಕೋಸ್ಕರಾನೇ ಆ ಮೊದಲ ಅರ್ಧ ಗಂಟೆ. 1989ರಲ್ಲಿ ಇಟಲಿಯವ್ರು ಇದನ್ನೇ ಇಟ್ಕೊಂಡು 'ಸುಯೆನ್ಯೋ ಲಾಟಿನೋ' ಮಾಡಿ ಬೀಚ್ ಪಾರ್ಟಿಗೆಲ್ಲ ಹಿಟ್ ಮಾಡಿದ್ರು, ಅದೂ ಚೆನ್ನಾಗಿದೆ, ಆದ್ರೆ ಸಕ್ಕರೆ ಜಾಸ್ತಿ.

ಪ್ರೆಸಿಂಗ್, ಅಂದ್ರೆ ಪ್ಲೇಟ್ ಅಚ್ಚು ಹಾಕೋ ವಿಚಾರಕ್ಕೆ ಬಂದ್ರೆ ಒಂದು ಸೈಡಿಗೆ ಅರ್ಧ ಗಂಟೆ ಅನ್ನೋದು ವೈನಲ್‌ಗೆ ತುಂಬಾನೇ ಉದ್ದ. ಎಲ್‌ಪಿಯ ಒಂದು ಸೈಡಿಗೆ ಇಪ್ಪತ್ತು ಚಿಲ್ಲರೆ ನಿಮಿಷ ಇದ್ರೆ ಸದ್ದು ಚೆನ್ನಾಗಿ ಕೂರುತ್ತೆ, ಅದಕ್ಕಿಂತ ಜಾಸ್ತಿ ತುರುಕಿದ್ರೆ ಗೆರೆಗಳು ಒತ್ತೊತ್ತಾಗಿ ಬರ್ಬೇಕು, ಹಂಗಾಗಿ ವಾಲ್ಯೂಮೂ ಬೇಸೂ ಕಮ್ಮಿ ಮಾಡಿ ಕಟ್ ಮಾಡ್ತಾರೆ. ಈ ರೆಕಾರ್ಡ್ ಹಾಕ್ದಾಗ ಗೇನ್ (ಮಿಕ್ಸರಲ್ಲಿ ಸದ್ದಿನ ಮಟ್ಟ) ಎತ್ತಲೇಬೇಕು, ಎತ್ತಿದ್ರೆ ಧೂಳಿನ ಚಟಪಟವೂ ಜೊತೆಗೇ ಎದ್ದು ಬರುತ್ತೆ. ಮತ್ತೆ ಲೇಬಲ್ ಹತ್ರ ಹೋಗ್ತಾ ಹೋಗ್ತಾ ಒಂದೊಂದು ಸುತ್ತಿಗೆ ಸೂಜಿ ಕೆಳಗೆ ಹಾಯೋ ಗೆರೆಯ ಉದ್ದ ಕಮ್ಮಿ ಆಗೋದ್ರಿಂದ ಹೈಸ್, ಅಂದ್ರೆ ಮೇಲಿನ ಚುರುಕು ಸದ್ದು, ಮಸುಕಾಗುತ್ತೆ, ಗಿಟಾರ್ ಕೊನೆ ಭಾಗದಲ್ಲಿ ಇದು ಚೂರು ಗೊತ್ತಾಗುತ್ತೆ. ಹಾಕೋಕೆ ಮುಂಚೆ ಒದ್ದೆ ಕ್ಲೀನಿಂಗ್ ಮಾಡಿ, ಬ್ರಷ್ ಒಂದೇ ಸಾಲದು. ನನ್ನ ಮೊದಲನೇ ಕಾಪಿ ಆನ್‌ಲೈನಲ್ಲಿ ತಗೊಂಡಿದ್ದು, ಮಾರಿದವ್ನು ತೆಳು ರಟ್ಟಿನಲ್ಲಿ ಸುತ್ತಿ ಕಳ್ಸಿದ್ದ, ಬಿಸಿಲಿಗೆ ಹಪ್ಪಳ ಆಗಿ ಬಂತು, ವಾಪಸ್ ಕೇಳಿದ್ರೆ ಉತ್ರಾನೇ ಇಲ್ಲ.

ಡಬ್, ಅಂದ್ರೆ ಹಾಡಿನ ಭಾಗಗಳನ್ನ ತೆಗೆದು ಎಕೋ ಸೇರಿಸಿ ಮಾಡೋ ಜಮೈಕಾದ ರೀಮಿಕ್ಸ್, ಅದಿಲ್ದೆ ಈ ಮಾತು ಪೂರ್ತಿ ಆಗಲ್ಲ. ಆಗಸ್ಟಸ್ ಪಾಬ್ಲೋ ಅವರ 'ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್', ಜಮೈಕಾ, 1976. ಟೈಟಲ್ ಟ್ರ್ಯಾಕು ಜೇಕಬ್ ಮಿಲ್ಲರ್ ಹಾಡಿದ 'ಬೇಬಿ ಐ ಲವ್ ಯೂ ಸೋ' ಅನ್ನೋದರದ್ದೇ ಡಬ್. ಸೌಂಡ್ ಇಂಜಿನಿಯರ್ ಕಿಂಗ್ ಟಬ್ಬಿ ಮಿಕ್ಸಿಂಗ್ ಡೆಸ್ಕ್ ಮುಂದೆ ಕೂತು ಹಾಡಿನ ಮುಕ್ಕಾಲು ಪಾಲು ಫೇಡರ್ ಇಳಿಸಿ ತೆಗೆದು ಹಾಕಿದಾರೆ, ಹಾಡೋವ್ನ ದನಿ ಒಂದು ತುಣುಕು ಬಂದು ಎಕೋದಲ್ಲಿ ಮಾಯ, ಉಳ್ಕೊಳ್ಳೋದು ಬೇಸು, ಡ್ರಮ್ಸು, ಎಲ್ಲೋ ದೂರದಲ್ಲಿ ಪಾಬ್ಲೋ ನುಡಿಸೋ ಮೆಲೋಡಿಕಾ, ಅಂದ್ರೆ ಬಾಯಲ್ಲಿ ಊದೋ ಕೀಬೋರ್ಡು. ಏನು ಹಾಕ್ಬೇಕು ಅನ್ನೋದಕ್ಕಿಂತ ಏನು ತೆಗೀಬೇಕು ಅನ್ನೋದನ್ನ ನಾನು ಕಲ್ತಿದ್ದು ಇದ್ರಿಂದ. ಬೀಟ್‌ಮ್ಯಾಚ್, ಅಂದ್ರೆ ಎರಡು ರೆಕಾರ್ಡಿನ ತಾಳ ಕೂಡಿಸೋ ಕೆಲಸ, ಮಾಡೋವ್ರಿಗೆ ಮಾತ್ರ ಹುಷಾರು, ಇದು ಮನುಷ್ಯರು ಬಾರಿಸಿದ ಡ್ರಮ್ಸ್, ವೇಗ ಹಿಂದೆ ಮುಂದೆ ಆಗ್ತಾನೇ ಇರುತ್ತೆ, ಉದ್ದ ಮಿಕ್ಸ್ ಮಾಡ್ಬೇಕಂದ್ರೆ ಪಿಚ್ ಮೇಲಿಂದ ಬೆರಳು ತೆಗಿಯೋ ಹಂಗಿಲ್ಲ. ನಾನಂತೂ ಮಿಕ್ಸೇ ಮಾಡಲ್ಲ, ಹಿಂದಿನದ್ದು ಪೂರ್ತಿ ಮುಗಿಲಿ, ಒಂದು ಉಸಿರು ಬಿಟ್ಟು ಇದನ್ನ ಹಾಕ್ತೀನಿ.

ಇದೇ ಡಬ್ ಬರ್ಲಿನ್‌ಗೆ ಹೋಗಿ ಟೆಕ್ನೋ ಜೊತೆ ಸೇರಿದ್ರೆ ಬೇಸಿಕ್ ಚಾನೆಲ್ ಅನ್ನೋ ಜೋಡಿ. ಮೋರಿಟ್ಸ್ ಫಾನ್ ಓಸ್ವಾಲ್ಡ್ ಮತ್ತೆ ಮಾರ್ಕ್ ಎರ್ನೆಸ್ಟಸ್, ಎರ್ನೆಸ್ಟಸ್ 1989ರಲ್ಲಿ ಹಾರ್ಡ್ ವ್ಯಾಕ್ಸ್ ರೆಕಾರ್ಡ್ ಅಂಗಡಿ ಶುರು ಮಾಡಿದವ್ರು. 1994ರ 'ಕ್ವಾಡ್ರಂಟ್ ಡಬ್' 12 ಇಂಚಿನದ್ದು, ಮೊದಲ ಸೈಡಲ್ಲಿ ಕಾಲು ಗಂಟೆಯ ಒಂದೇ ಟ್ರ್ಯಾಕ್. ಫೋನ್ ಸ್ಪೀಕರಲ್ಲಿ ಕೇಳಿ ತೀರ್ಪು ಕೊಡ್ಬೇಡಿ ದಯವಿಟ್ಟು, ಬರೀ ಸುಯ್ ಸುಯ್ ಅಂತಷ್ಟೇ ಕೇಳುತ್ತೆ. ಸಬ್‌ವೂಫರ್ ಇರೋ ಕಡೆ ಹಾಕಿದ್ರೆ ಆ ಒಂದೇ ಕಾರ್ಡಿನ ಎಕೋ ಗೋಡೆಯಿಂದ ಗೋಡೆಗೆ ಓಡಾಡುತ್ತೆ. ಸೆಟ್ ನಡುವೆ ನೀರು ಕುಡಿದು ಬರೋಕೆ ಇದಕ್ಕಿಂತ ಒಳ್ಳೇದಿಲ್ಲ, ತಮಾಷೆ ಅಲ್ಲ, ನಿಜವಾಗ್ಲೂ ಹೋಗಿ ಬರ್ತೀನಿ.

ಆಶಾ ಪುತ್ಲಿ ಅವರ 1976ರ 'ದಿ ಡೆವಿಲ್ ಈಸ್ ಲೂಸ್' ಎಲ್‌ಪಿಯಿಂದ ನಾನು ಹಾಕೋದು 'ಸ್ಪೇಸ್ ಟಾಕ್' ಒಂದೇ. ಮುಂಬೈಯಲ್ಲಿ ಹುಟ್ಟಿದ ಹೆಣ್ಮಗಳು ಪಿಸುಗುಟ್ಟೋ ಥರ ಹಾಡಿದ್ದನ್ನ ನ್ಯೂಯಾರ್ಕಲ್ಲಿ ಡಿಜೆ ಡೇವಿಡ್ ಮಾಂಕುಸೋ ತನ್ನ ಮನೇಲಿ ಮಾಡ್ತಿದ್ದ 'ಲಾಫ್ಟ್' ಪಾರ್ಟಿಯಲ್ಲಿ ಹಾಕ್ತಿದ್ದ, ಆಮೇಲೆ ಆಮೇಲೆ ಅವ್ನು ಮಿಕ್ಸಿಂಗನ್ನೇ ಬಿಟ್ಟು ಪ್ರತಿ ರೆಕಾರ್ಡ್ ಮೊದಲಿಂದ ಕೊನೆ ತನಕ ಪೂರ್ತಿ ಹಾಕೋನು. ಎಲ್‌ಪಿಯ ಉಳಿದ ಹಾಡುಗಳು ನಂಗೆ ಅಷ್ಟಕ್ಕಷ್ಟೇ.

ಕನ್ನಡದ್ದು ಯಾಕಿಲ್ಲ ಅಂತ ಕೇಳೇ ಕೇಳ್ತೀರ. ಇದೆ, 1981ರ 'ಗೀತಾ', ಇಳಯರಾಜ. 'ಸಂತೋಷಕ್ಕೆ' ಗ್ರೂವಿಗೆ ಯಾವ ಡಿಸ್ಕೋ ರೆಕಾರ್ಡೂ ಸಮ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಆದ್ರೆ ನನ್ನ ಕೈ ತೆಗೆಯೋ ಪರೀಕ್ಷೇಲಿ ಅದು ಫೇಲು, ಯಾಕಂದ್ರೆ ಸೂಜಿ ಇಟ್ಟ ತಕ್ಷಣ ರೂಮಲ್ಲಿರೋ ಕನ್ನಡದವ್ರೆಲ್ಲ ಎಸ್‌ಪಿಬಿ ಆಗ್ಬಿಡ್ತಾರೆ, ಮುಗಿದ್ಮೇಲೆ "ಗುರೂ ಇನ್ನೊಂದ್ ಸಲ" ಅಂತ ಕನ್ಸೋಲ್ ಹತ್ರಾನೇ ಬಂದು ನಿಲ್ತಾರೆ. ಹಳೇ ಪ್ರತಿ ಸಿಕ್ರೆ ತಗೊಳ್ಳಿ, ಆದ್ರೆ ಬೆಳಕಿಗೆ ಹಿಡಿದು ನೋಡಿ, ಈ ಥರ ಸಿನಿಮಾ ರೆಕಾರ್ಡುಗಳು ಮದುವೆ ಮನೆ ಮೈಕ್‌ಸೆಟ್‌ನಲ್ಲಿ ಸವೆದು ಬಂದಿರ್ತವೆ, ಗೀಚು ಇಲ್ದಿದ್ರೂ ಗೆರೆ ಬೂದಿ ಬಣ್ಣಕ್ಕೆ ತಿರುಗಿದ್ರೆ ಹೈಸ್ ಹೋಗಿದೆ ಅಂತಾನೇ ಲೆಕ್ಕ. ಕರಾವಳಿ ಕಡೆಯಿಂದ ಬಂದಿದ್ರೆ ಕವರ್ ಒಳಗೆ ಬೂಷ್ಟು ಇದೆಯಾ ಅಂತ ಮೂಸಿ ನೋಡಿ, ಇದ್ರೆ ಕವರ್ ಬೇರೆ, ಪ್ಲೇಟ್ ಬೇರೆ ಇಡಿ, ಇಲ್ಲಾಂದ್ರೆ ಪಕ್ಕದ ರೆಕಾರ್ಡಿಗೂ ಹತ್ಕೊಳ್ಳುತ್ತೆ.